ಹಾಸನದ ಗಾರ್ಮೆಂಟ್ಸ್: ರಾಜೀನಾಮೆಗೆ ಸಹಿ ಕೇಳುತ್ತಿದ್ದಾರೆ, ಉಳಿದವರು ಕುಗ್ಗಿಹೋಗಿದ್ದಾರೆ. ಏನು ಮಾಡಬೇಕು?

ಪ್ರಶ್ನೆ | ಲೈನ್ ಸೂಪರ್‌ವೈಸರ್, ಹಾಸನ

ಹಾಸನದ ಕೈಗಾರಿಕಾ ಪ್ರದೇಶದ ದೊಡ್ಡ ಗಾರ್ಮೆಂಟ್ಸ್ ಘಟಕ. ಸಾವಿರಕ್ಕೂ ಹೆಚ್ಚು ಜನ. ಬಹುಪಾಲು ಆಲೂರು, ಅರಕಲಗೂಡು, ಹೊಳೆನರಸೀಪುರ ಕಡೆಯಿಂದ ಕಂಪನಿ ಬಸ್ಸಲ್ಲಿ ಬರುವ ಹೆಣ್ಣುಮಕ್ಕಳು. 2025ರ ಆಗಸ್ಟ್ 27ರಿಂದ ಅಮೆರಿಕ ಸುಂಕವನ್ನು ಶೇ 50ಕ್ಕೆ ಏರಿಸಿದ ಮೇಲೆ ಇಳಿದ ಆರ್ಡರ್ ಇನ್ನೂ ಮೊದಲಿನಂತಾಗಿಲ್ಲ. ಈಗ ಒಬ್ಬೊಬ್ಬರನ್ನೇ ಎಚ್‌ಆರ್ ರೂಮಿಗೆ ಕರೆದು, 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಮೊದಲೇ ಟೈಪ್ ಮಾಡಿಟ್ಟ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಲೈನಿನಲ್ಲಿ 40 ಆಪರೇಟರ್ ಇದ್ದರು, ಈಗ 32. ಗಂಟೆಯ ಟಾರ್ಗೆಟ್ ಮಾತ್ರ ಹಾಗೇ ಇದೆ. ಉಳಿದವರು ತಲೆ ಎತ್ತಿ ಮಾತಾಡುತ್ತಿಲ್ಲ, ರೀವರ್ಕ್ ಏರಿದೆ. ಸಹಿ ಹಾಕಿದರೆ ಅವರಿಗೆ ಆಗುವ ನಷ್ಟ ಎಷ್ಟು? ಉಳಿದವರನ್ನು ಹಿಡಿದು ನಿಲ್ಲಿಸುವುದು ಹೇಗೆ?

ಉತ್ತರ | ಕಾರ್ಮಿಕ ಕಾನೂನು

ಮೊದಲ ಮಾತು: ಆ ಹಾಳೆಗೆ ಯಾರೂ ಸಹಿ ಹಾಕಬಾರದು. ಇದನ್ನು ಇವತ್ತೇ ಬಸ್ಸಿನಲ್ಲಿ ಹೇಳಿ.

ಕಂಪನಿ ರಾಜೀನಾಮೆಯನ್ನೇ ಯಾಕೆ ಕೇಳುತ್ತಿದೆ ಗೊತ್ತೇ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಜನರನ್ನು ತೆಗೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕು, 3 ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ಅನುಮತಿಯಿಲ್ಲದೆ ತೆಗೆದರೆ ಅದು ಮೊದಲ ದಿನದಿಂದಲೇ ಅಕ್ರಮ. ರಾಜೀನಾಮೆ ಬರೆಸಿಕೊಂಡರೆ ಇದ್ಯಾವುದರ ಗೋಜೂ ಇಲ್ಲ.

ಲೆಕ್ಕ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ, 9 ವರ್ಷ ಸೇವೆ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿಗೆ 13,000ವನ್ನು 26ರಿಂದ ಭಾಗಿಸಿ, 15ರಿಂದಲೂ 9ರಿಂದಲೂ ಗುಣಿಸಿದರೆ 67,500. ಕಡಿತದ, ಅಂದರೆ ಕಂಪನಿಯೇ ಕೆಲಸದಿಂದ ತೆಗೆದಾಗಿನ ಪರಿಹಾರ, ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಇಲ್ಲಿ 30ರಿಂದ ಭಾಗಿಸಬೇಕು, 26ರಿಂದಲ್ಲ, ಹಾಗಾಗಿ 58,500. ನೋಟಿಸ್ ಬದಲಿನ 3 ತಿಂಗಳ ಸಂಬಳ 39,000. ಇದಲ್ಲದೆ ಕೆಲಸ ಕಳೆದುಕೊಂಡವರಿಗೆಂದೇ ಇರುವ ಮರುಕೌಶಲ ನಿಧಿಗೆ ಮಾಲೀಕರು 15 ದಿನದ ಸಂಬಳ ಕಟ್ಟಬೇಕು, ಸುಮಾರು 6,500. ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ಒಟ್ಟು 1,71,500. ರಾಜೀನಾಮೆ ಕೊಟ್ಟವರಿಗೆ ಇದರಲ್ಲಿ ಉಳಿಯುವುದು ಗ್ರಾಚ್ಯುಟಿಯ 67,500 ಮಾತ್ರ. 1,04,000 ರೂಪಾಯಿ ಒಂದು ಸಹಿಯಲ್ಲಿ ಹೋಗುತ್ತದೆ. ಬಾಕಿ ರಜೆಯ ಹಣ ಎರಡರಲ್ಲೂ ಬರಬೇಕು. ರಾಜೀನಾಮೆಯಿರಲಿ, ಕಡಿತವಿರಲಿ, ಸಂಬಳದ ಬಾಕಿಯನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು.

ತೆಗೆಯುವಾಗ ಆಯಾ ವಿಭಾಗದಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕೆಂಬುದು ಸಾಮಾನ್ಯ ನಿಯಮ. ಹಳಬರನ್ನು ಆರಿಸಿ ಕರೆಯುತ್ತಿದ್ದರೆ ಅದಕ್ಕೆ ಕಾರಣವನ್ನು ಅವರು ಬರೆದು ತೋರಿಸಬೇಕು. ದೂರು ಕೊಡಬೇಕಾದ್ದು ಹಾಸನದ ಕಾರ್ಮಿಕ ಅಧಿಕಾರಿಗೆ, ಅದೂ 2 ವರ್ಷದೊಳಗೆ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ನೆರವಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನಿಮ್ಮ ವಿಚಾರವೂ ಒಂದಿದೆ. ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವವರು ಸಂಹಿತೆಯಲ್ಲಿ 'ಕೆಲಸಗಾರ' ಅಲ್ಲ. ಆದರೆ ಹುದ್ದೆಯ ಹೆಸರು ಏನೇ ಇರಲಿ, ನೋಡುವುದು ದಿನನಿತ್ಯ ನಿಜವಾಗಿ ಮಾಡುವ ಕೆಲಸವನ್ನು. ಯಂತ್ರದ ಮುಂದೆ ಕೂತು ಹೊಲಿಯುವುದೂ ಇದ್ದರೆ ಅದರ ದಾಖಲೆ ಇಟ್ಟುಕೊಳ್ಳಿ.

ಉತ್ತರ | ಪಿಎಫ್ ಇಎಸ್‌ಐ

ಮೇಲಿನ ಲೆಕ್ಕಕ್ಕೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೇರಿಸಿ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಕಳೆದುಕೊಂಡವರಿಗೆ ದಿನದ ಸರಾಸರಿ ಗಳಿಕೆಯ ಶೇ 50ರಷ್ಟು, ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಕನಿಷ್ಠ 2 ವರ್ಷ ವಿಮೆಯಲ್ಲಿದ್ದಿರಬೇಕು, ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ ತುಂಬಿರಬೇಕು. ತಾವಾಗಿ ಕೆಲಸ ಬಿಟ್ಟವರಿಗೆ ಇದಿಲ್ಲ, 'ಸ್ವಂತ ಇಚ್ಛೆ' ಎಂಬ ಹಾಳೆ ಇಲ್ಲೂ ಅಡ್ಡ ಬರುತ್ತದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಅರ್ಜಿಗೆ ಮುಂಚೆ ಇಎಸ್‌ಐ ಶಾಖೆಯಲ್ಲಿ ಕೇಳಿ.

ಕೆಲಸ ಹೋದ ದಿನವೇ ಇಎಸ್‌ಐ ಕಾರ್ಡ್ ಸತ್ತುಹೋಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ದಿನಗಳು ತುಂಬಿದ್ದರೆ ಹೆರಿಗೆ, ಶಸ್ತ್ರಚಿಕಿತ್ಸೆ ಬಾಕಿ ಇರುವವರು ಧೈರ್ಯವಾಗಿ ಹೋಗಲಿ.

ಪಿಎಫ್ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ಇನಿಶಿಯಲ್, ಹುಟ್ಟಿದ ದಿನಾಂಕ, ಅಪ್ಪನ ಹೆಸರಿನ ಜಾಗದಲ್ಲಿ ಗಂಡನ ಹೆಸರು ಇಂಥದ್ದರಿಂದ. ಕಂಪನಿಯಲ್ಲಿ ಇರುವಾಗಲೇ ಆಧಾರ್ ಜೊತೆ ಹೋಲಿಸಿ ತಿದ್ದಿಸಿಕೊಳ್ಳಿ. ಬಿಟ್ಟ ಮೇಲೆ ಅದೇ ಎಚ್‌ಆರ್ ಬಾಗಿಲಿಗೆ ಅಲೆಯಬೇಕಾದೀತು. ಬಿಟ್ಟ ದಿನಾಂಕ ಅವರು ನಮೂದಿಸದಿದ್ದರೆ ಕೊನೆಯ ವಂತಿಗೆಯ 2 ತಿಂಗಳ ನಂತರ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ಸದಸ್ಯರೇ ಹಾಕಬಹುದು. 2025ರ ಅಕ್ಟೋಬರ್ 13ರ ಸಭೆಯಲ್ಲಿ ಪಿಎಫ್ ಮಂಡಳಿ ತೀರ್ಮಾನಿಸಿದಂತೆ ಶೇ 75 ತಕ್ಷಣ ತೆಗೆಯಬಹುದು, ಪೂರ್ತಿ ಹಣಕ್ಕೆ 12 ತಿಂಗಳು ಕಾಯಬೇಕು. ಪಿಂಚಣಿಯ ಹಣ ಮಾತ್ರ ತೆಗೆಯದಿರುವುದು ವಾಸಿ. ಸೇವೆ 10 ವರ್ಷ ತುಂಬಿದರೆ ಪಿಂಚಣಿಯೇ ಬರುತ್ತದೆ. 9 ವರ್ಷ ದುಡಿದವರು ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ಲೆಕ್ಕವಾಗುವ ಸೇವೆಯ ಪತ್ರ) ತಗೊಂಡು ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳಲಿ.

ಉತ್ತರ | ಪ್ರೊಡಕ್ಷನ್ ಫ್ಲೋರ್

ಉಳಿದ 32 ಜನರ ಬಗ್ಗೆ. ನಿಮ್ಮ ಲೈನಿನ ಮನಸ್ಸು ಮುರಿಯುತ್ತಿರುವುದು ಆ ಟಾರ್ಗೆಟ್ ಬೋರ್ಡಿನಿಂದ. ಪ್ರೇರಣೆಯ ಭಾಷಣ ಬೇಡ, ಮೊದಲು ಅದನ್ನು ತಿದ್ದಿಸಿ. ಒಂದು ಶರ್ಟಿನ ಎಸ್‌ಎಎಂ (ಒಂದು ಪೀಸ್ ಹೊಲಿಯಲು ನಿಗದಿಯಾದ ಸಮಯ) 20 ನಿಮಿಷ, ದಕ್ಷತೆ ಶೇ 55 ಎಂದರೆ 40 ಜನ ಗಂಟೆಗೆ 66 ಪೀಸ್ ಕೊಡುತ್ತಾರೆ. 32 ಜನ ಅದೇ ದಕ್ಷತೆಯಲ್ಲಿ ಕೊಡುವುದು ಸುಮಾರು 53. ಆದರೆ ಕಾಲರ್ ಕೂರಿಸುತ್ತಿದ್ದವರನ್ನು ತೋಳಿಗೆ, ತೋಳಿನವರನ್ನು ಕಫ್‌ಗೆ ಕೂರಿಸಿದ ಮೊದಲ ಕೆಲವು ವಾರ ದಕ್ಷತೆ ಶೇ 45ಕ್ಕೆ ಇಳಿದರೂ ಆಶ್ಚರ್ಯವಿಲ್ಲ, ಆಗ 43. ಬೋರ್ಡಿನಲ್ಲಿ 66 ಬರೆದಿಟ್ಟರೆ ಇಡೀ ಲೈನು ಪ್ರತಿ ಗಂಟೆಯೂ ಸೋಲುತ್ತದೆ. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗಕ್ಕೂ ಪ್ರೊಡಕ್ಷನ್ ಮ್ಯಾನೇಜರ್‌ಗೂ ಕೊಡಿ, ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಕಮ್ಮಿ ಬಿದ್ದದ್ದನ್ನು ಓವರ್‌ಟೈಮ್‌ನಲ್ಲಿ ತುಂಬಿಸುವುದಾದರೆ ದುಪ್ಪಟ್ಟು ಕೂಲಿ ಕೊಡಲೇಬೇಕು.

ಖಾಲಿ ಯಂತ್ರಗಳನ್ನು ಲೈನಿನಿಂದ ತೆಗೆಸಿ. ಹೋದವರ ಕುರ್ಚಿ ಪಕ್ಕದಲ್ಲೇ ಇದ್ದರೆ ದಿನವಿಡೀ ಕಣ್ಣು ಅಲ್ಲೇ ಹೋಗುತ್ತದೆ, ಬಂಡಲ್ ದಾಟಿಸುವ ದೂರವೂ ಹೆಚ್ಚು. ಸೂಜಿ ಮುರಿಯುವ ಲೆಕ್ಕ ನೋಡುತ್ತಿರಿ. ಮುರಿದ ಸೂಜಿಯ ಎಲ್ಲ ಚೂರು ಹುಡುಕಿ ರಿಜಿಸ್ಟರಿಗೆ ಅಂಟಿಸುವವರೆಗೆ ಆ ಯಂತ್ರ ನಿಂತಿರುತ್ತದೆ, ಅವಸರದಲ್ಲಿ ಬಟ್ಟೆ ಎಳೆಯುವುದು ಹೆಚ್ಚಾದಾಗ ಇದೂ ಏರುತ್ತದೆ. ಸಂಜೆ ನೀರಿನ ಬಾಟಲಿಗಳನ್ನೂ ಗಮನಿಸಿ. ತುಂಬಿದ್ದು ತುಂಬಿದಂತೆಯೇ ಇದ್ದರೆ, ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ಅವರು ನೀರು ಕುಡಿಯುತ್ತಿಲ್ಲ ಎಂದರ್ಥ. ಮೂತ್ರದ ಸೋಂಕು ಶುರುವಾಗುವುದು ಹೀಗೇ. ಪಾಳಿಯಲ್ಲಿ ಎರಡು ಸಲ ಫ್ಲೋಟರನ್ನು (ಯಾರ ಬದಲಿಗಾದರೂ ಕೂರುವ ಆಪರೇಟರನ್ನು) ಕೂರಿಸಿ ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿ.

ಬೆಳಿಗ್ಗೆ 5 ನಿಮಿಷ ನಿಲ್ಲಿಸಿ, ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳಿ: ಈ ವಾರ ಎಷ್ಟು ಪೀಸಿನ ಆರ್ಡರ್ ಇದೆ, ಯಾವ ಸ್ಟೈಲ್, ಸಂಬಳದ ದಿನ ಯಾವುದು. 'ನಿಮಗೇನೂ ಆಗಲ್ಲ' ಅನ್ನಬೇಡಿ. ನಾಳೆ ಒಬ್ಬರನ್ನು ಕರೆದರೆ ಆಮೇಲೆ ನೀವು ಹೇಳಿದ ಯಾವುದನ್ನೂ ಯಾರೂ ನಂಬುವುದಿಲ್ಲ. ಊಟ ಬಿಟ್ಟವರು, ನಿದ್ದೆಯಿಲ್ಲ ಅನ್ನುವವರು, 'ಇದ್ದು ಏನು ಪ್ರಯೋಜನ' ಎಂಬ ಮಾತಾಡುವವರು ಕಂಡರೆ ಪಕ್ಕಕ್ಕೆ ಕರೆದು ಕೂತು ಕೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವೂ ಇದೆ. ಬಹಳ ಸಲ ಒಳಗಿನ ಭಯ ಸಂಘದ ಸಾಲದ ಕಂತಿನದ್ದು. ಮೈಕ್ರೋಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ಅದನ್ನು ತಿಳಿಸಿ.

ಮರುಪ್ರಶ್ನೆ | ಲೈನ್ ಸೂಪರ್‌ವೈಸರ್, ಹಾಸನ

ಟಾರ್ಗೆಟ್ ಲೆಕ್ಕವನ್ನು ಬರೆದೇ ಕೊಡುತ್ತೇನೆ. ಈ ವಾರ ಇಬ್ಬರು ಆಗಲೇ ಸಹಿ ಹಾಕಿದ್ದಾರೆ. ಅವರಿಗೆ ದಾರಿಯಿದೆಯೇ?

ಉತ್ತರ | ಕಾರ್ಮಿಕ ಕಾನೂನು

ಇದೆ, ಆದರೆ ತಡ ಮಾಡಬಾರದು. ರಾಜೀನಾಮೆ ಅಂಗೀಕಾರವಾಗಿ ಜಾರಿಗೆ ಬರುವ ಮೊದಲು ಹಿಂಪಡೆಯಬಹುದು. 'ಇಂಥ ದಿನ, ಇಷ್ಟು ಗಂಟೆಗೆ ಕರೆದು, ಸಹಿ ಹಾಕದಿದ್ದರೆ ಬಾಕಿ ಕೊಡುವುದಿಲ್ಲವೆಂದು ಹೆದರಿಸಿ ಹಾಕಿಸಿಕೊಂಡರು, ನಾನು ಕೆಲಸ ಬಿಟ್ಟಿಲ್ಲ, ರಾಜೀನಾಮೆ ಹಿಂಪಡೆಯುತ್ತೇನೆ' ಎಂದು ನಡೆದದ್ದನ್ನು ನಡೆದಂತೆಯೇ ಕನ್ನಡದಲ್ಲಿ ಬರೆಯಲಿ. ಹೆದರಿಸಿದ ಮಾತು ಬೇರೆಯಿದ್ದರೆ ಆ ಮಾತನ್ನೇ ಬರೆಯಬೇಕು. ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೆ ಕಳಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಲಿ. 'ಪೂರ್ಣ ಹಾಗೂ ಅಂತಿಮ' ಎಂಬ ಇನ್ನೊಂದು ಹಾಳೆ ಮುಂದಿಟ್ಟರೆ ಸಹಿ ಬೇಡ. ಹಣ ಖಾತೆಗೆ ಬಂದುಬಿಟ್ಟಿದ್ದರೆ 'ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಪತ್ರ ಹಾಕಲಿ. ಮಾರನೇ ದಿನ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಲೇಬೇಕು. ಹೋಗದಿದ್ದರೆ 'ತಾನಾಗಿ ಬರುವುದು ಬಿಟ್ಟಳು' ಎಂಬ ವಾದ ಅವರಿಗೆ ಸಿಗುತ್ತದೆ. ಒಳಗೆ ಬಿಡದಿದ್ದರೆ ದಿನಾಂಕ, ಸಮಯ, ಜೊತೆಗಿದ್ದವರ ಹೆಸರು ಬರೆದಿಟ್ಟುಕೊಂಡು, ಅದನ್ನೂ ಆ ದಿನವೇ ಕಾರ್ಮಿಕ ಅಧಿಕಾರಿಗೆ ತಿಳಿಸಲಿ.