ವಿದೇಶದಲ್ಲಿ ಮದುವೆ: ಹೋಗಿ ಬಂದವರು ಹೇಳಿದ್ದು

ಪ್ರಶ್ನೆ: ಆಪ್ತ ಗೆಳತಿಯ ಮದುವೆ ಬೇರೆ ದೇಶದಲ್ಲಿದೆ, ಮೂರು ದಿನಗಳ ಸಮಾರಂಭ. ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಇಬ್ಬರಿಗೂ ವಿದೇಶ ಪ್ರಯಾಣ ಇದೇ ಮೊದಲು. ಏನೇನು ನೋಡಿಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1
ಮದುವೆಯ ದಿನ ಉಡುವ ಬಟ್ಟೆಯನ್ನು ಕ್ಯಾಬಿನ್ ಬ್ಯಾಗಿನಲ್ಲೇ (ವಿಮಾನದೊಳಗೆ ಜೊತೆಗೇ ಒಯ್ಯುವ ಚೀಲ) ಇಟ್ಟುಕೊಳ್ಳಿ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ. ಅಣ್ಣನ ಮದುವೆಗೆ ಹೋಗುವಾಗ ನಡುವೆ ವಿಮಾನ ಬದಲಿಸಬೇಕಿತ್ತು. ಮೊದಲನೆಯದು ತಡವಾಯಿತು, ಓಡೋಡಿ ಎರಡನೆಯದನ್ನು ಹಿಡಿದೆವು. ಪೆಟ್ಟಿಗೆ ಮಾತ್ರ ಹಿಂದೆಯೇ ಉಳಿಯಿತು. ಇಳಿದ ಮೇಲೆ ಯಾರದೋ ಕೆಂಪು ಸೂಟ್‌ಕೇಸ್ ಮೂರು ಸುತ್ತು ಬಂತು, ಆಮೇಲೆ ಬೆಲ್ಟೇ ನಿಂತುಹೋಯಿತು. ಮರುದಿನ ಬೆಳಿಗ್ಗೆ ಮದುವೆ. ಅಣ್ಣ ತನ್ನ ಅಂಗಿಯೊಂದನ್ನು ಕೊಟ್ಟ. ನನಗೆ ಅದರ ತೋಳು ಉದ್ದ. ಎಲ್ಲ ಫೋಟೋಗಳಲ್ಲೂ ಆ ಮಡಚಿದ ತೋಳೇ ಕಾಣುತ್ತದೆ.

ಪೆಟ್ಟಿಗೆ ಬರದಿದ್ದರೆ ನಿಲ್ದಾಣದಲ್ಲಿ ಸಾಮಾನು ಪಡೆಯುವ ಜಾಗದಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಪಡೆಯಿರಿ. ಅನಿವಾರ್ಯವಾಗಿ ಕೊಂಡ ವಸ್ತುಗಳ ರಸೀದಿಗಳನ್ನು ಜೋಪಾನವಾಗಿಡಿ. 1999ರ ಮಾಂಟ್ರಿಯಲ್ ಒಪ್ಪಂದ (ವಿಮಾನ ಸಂಸ್ಥೆಗಳ ಹೊಣೆಯ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದ) ಅನ್ವಯಿಸುವ ಪ್ರಯಾಣಗಳಲ್ಲಿ, ಪೆಟ್ಟಿಗೆ ತಡವಾಗಿ ಸಿಕ್ಕರೆ ಅದು ಕೈಸೇರಿದ 21 ದಿನಗಳೊಳಗೆ, ಹಾನಿಯಾಗಿದ್ದರೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಇನ್ನು, ಸಮಾರಂಭಕ್ಕೆ ಎರಡು ದಿನ ಮೊದಲೇ ತಲುಪಿಬಿಡಿ. ನಾವು ಹಿಂದಿನ ದಿನ ಸಂಜೆ ತಲುಪಿದ್ದೇ ತಪ್ಪಾಯಿತು.

ಉತ್ತರ 2
ಟಿಕೆಟ್ ತೆಗೆಯುವ ಮೊದಲು ಪಾಸ್‌ಪೋರ್ಟಿನ ಅವಧಿ ನೋಡಿ. ಅನೇಕ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ದೇಶಗಳ ಗುಂಪು) ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು. ಅಲ್ಲಿಗೆ ವೀಸಾ ಬೇಕಿದ್ದರೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕಡೆಯ ಪಕ್ಷ 15 ದಿನ ಮೊದಲು ಹಾಕಲೇಬೇಕು. ಕನಿಷ್ಠ 30,000 ಯೂರೋಗಳ ಪ್ರಯಾಣ ವೈದ್ಯಕೀಯ ವಿಮೆಯೂ ಬೇಕು. ಆ 15 ದಿನದ ಗಡುವನ್ನು ನಂಬಿಕೊಂಡು ಕೂರಬೇಡಿ. ನಡುವೆ ವಿಮಾನ ಬದಲಿಸುವ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕೇ ಎಂದು ವಿಚಾರಿಸಿ. ಮದುಮಕ್ಕಳಿಂದ ದಿನಾಂಕ, ಸ್ಥಳ, ವಾಸ್ತವ್ಯದ ವಿಳಾಸವಿರುವ ಆಹ್ವಾನ ಪತ್ರವನ್ನು ಈಗಲೇ ಕೇಳಿ. ಮದುವೆ ಹತ್ತಿರ ಬಂದಂತೆ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

ಉತ್ತರ 3
ಅಮ್ಮ ಜೊತೆಗಿರುವುದರಿಂದ ಔಷಧಿಯ ಮಾತು. ವಾರದ ಮಾತ್ರೆಗಳನ್ನು ಒಂದೇ ಡಬ್ಬಿಗೆ ಸುರಿದು ಒಯ್ಯಬೇಡಿ. ಮೂಲ ಪೊಟ್ಟಣಗಳಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ ಇರಲಿ, ಅದರಲ್ಲಿ ಕಂಪನಿ ಇಟ್ಟ ಹೆಸರಲ್ಲದೆ ಔಷಧದ ಮೂಲ ಹೆಸರೂ ಇರಲಿ. ಒಂದು ದೇಶದಲ್ಲಿ ಸಾಮಾನ್ಯವಾದ ಔಷಧ ಇನ್ನೊಂದರಲ್ಲಿ ನಿಷಿದ್ಧವಾಗಿರಬಹುದು. ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಔಷಧಿಯನ್ನು ಜಪಾನಿಗೆ ಒಯ್ಯುವಂತಿಲ್ಲ. ಕೆಲವು ಕೆಮ್ಮು, ನೋವಿನ ಔಷಧಿಗಳಲ್ಲಿರುವ ಕೊಡೀನ್ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿಯಂತ್ರಿತ ಔಷಧ. ಹೋಗುವ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ. ದಿನವೂ ನುಂಗುವ ಮಾತ್ರೆಗಳು ನಿಮ್ಮ ಕೈಯಲ್ಲೇ ಇರಬೇಕು. ಮೊದಲ ಉತ್ತರದಲ್ಲಿ ಹೇಳಿದಂತೆ ಪೆಟ್ಟಿಗೆ ತಪ್ಪಿಸಿಕೊಂಡರೆ ಬಟ್ಟೆಯನ್ನು ಯಾರಾದರೂ ಕೊಟ್ಟಾರು, ರಕ್ತದೊತ್ತಡದ ಮಾತ್ರೆಯನ್ನು ಕೊಡಲಾರರು.

ಉತ್ತರ 4
ಸಣ್ಣ ವಿಷಯಗಳು, ಆದರೆ ಉಪಯೋಗಕ್ಕೆ ಬಂದವು. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. ವಿದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ಯಾವ ಹಣದಲ್ಲಿ ಪಾವತಿ ಎಂದು ಕೇಳಿದರೆ ಆ ದೇಶದ ಹಣವನ್ನೇ ಆರಿಸಿ. ನಿಮ್ಮ ಹಣವನ್ನು ಆರಿಸಿದರೆ ಸಾಮಾನ್ಯವಾಗಿ ದುಬಾರಿ ದರ ಬೀಳುತ್ತದೆ.

ಉಡುಗೊರೆಗೆ ಬಣ್ಣದ ಕಾಗದ ಸುತ್ತಿ ಒಯ್ಯಬೇಡಿ, ತಪಾಸಣೆಯಲ್ಲಿ ಬಿಚ್ಚಿಸಬಹುದು. ನಾನು ಗೆಳೆಯನಿಗೆಂದು ಗಾಜಿನ ದೀಪವೊಂದನ್ನು ಒಯ್ದಿದ್ದೆ. ಅವನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಂಬ ಇಷ್ಟವಾಯಿತು ಎಂದಳು. ಆಮೇಲೆ ಮೂಲೆಯಲ್ಲಿ ತೆರೆದುಕೊಂಡಿದ್ದ, ಆಗಲೇ ತುಂಬಿಹೋಗಿದ್ದ ಸೂಟ್‌ಕೇಸಿನತ್ತ ನೋಡಿದಳು. ಅವರೂ ವಿಮಾನದಲ್ಲೇ ಮರಳಬೇಕಿತ್ತು. ನೀವು ಉಡುಗೊರೆಯನ್ನು ಅವರ ಮನೆಗೇ ಕಳುಹಿಸಿ.