ನಮ್ಮ ಕೇರಿಯ ರಕ್ತದ ಮಾದರಿ ಅವರಿಗೇಕೆ ಬೇಕು?

ಪ್ರಶ್ನೆ (ಆಶಾ ಕಾರ್ಯಕರ್ತೆ, ಹೊಸನಗರ ತಾಲ್ಲೂಕು): ಡಾಕ್ಟರಿಗೆ ನಮಸ್ಕಾರ. ಜೀನ್ ಅಧ್ಯಯನಕ್ಕೆಂದು ನಮ್ಮ ಹಸಲರ ಕೇರಿಯವರ ರಕ್ತ ಬೇಕೆಂದು ಸಂಶೋಧಕರ ತಂಡವೊಂದು ಕೇಳಿದೆ. ಮನೆಮನೆಗೆ ತಿಳಿಸುವ ಹೊಣೆ ನನ್ನದು. ಪೇಟೆಯಲ್ಲಿ ಅಷ್ಟು ಜನರಿರುವಾಗ ನಮ್ಮವರೇ ಏಕೆ, ಕೊಟ್ಟರೆ ನಮಗೇನು ಸಿಗುತ್ತದೆ ಎಂದು ಹಿರಿಯರು ಕೇಳುತ್ತಿದ್ದಾರೆ. ಏನೆಂದು ಹೇಳಲಿ?

ಉತ್ತರ (ವೈದ್ಯರು, ಶಿವಮೊಗ್ಗ): ನಮಸ್ಕಾರ ಅಮ್ಮಾ. ಹಿರಿಯರು ಕೇಳಿದ್ದು ನ್ಯಾಯವಾಗಿದೆ. ಮೊದಲ ಪ್ರಶ್ನೆಗೆ ಒಂದು ಉದಾಹರಣೆ ಸಾಕು. ಆರ್ಯವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಸಕ್ಸಿನೈಲ್‌ಕೋಲೀನ್ ಎಂಬ, ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ, ಕೆಲವೇ ನಿಮಿಷಗಳಲ್ಲಿ ಮರಳಬೇಕಾದ ಉಸಿರಾಟ ಗಂಟೆಗಟ್ಟಲೆ ಮರಳುವುದಿಲ್ಲ. ಆ ಔಷಧವನ್ನು ಒಡೆಯುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕಡಿಮೆ. ತಲೆಮಾರುಗಳಿಂದ ತಮ್ಮೊಳಗೇ ಮದುವೆ ಸಂಬಂಧ ಬೆಳೆಸಿದ ಸಮುದಾಯಗಳಲ್ಲಿ ಇಂಥ ಗುಣಗಳು ಉಳಿದುಕೊಳ್ಳುತ್ತವೆ. ಇದನ್ನು ತಿಳಿದ ಅರಿವಳಿಕೆ ತಜ್ಞರು ಮೊದಲೇ ವಿಚಾರಿಸಿ ಬೇರೆ ಔಷಧ ಬಳಸುತ್ತಾರೆ. ಹಸಲರಲ್ಲಿ ಅಂಥದ್ದೇನಾದರೂ ಇದೆಯೇ ಎಂಬುದು ಅವರನ್ನು ಬಿಟ್ಟು ನಡೆಸಿದ ಅಧ್ಯಯನದಿಂದ ತಿಳಿಯದು. ಜಗತ್ತಿನ ಜೀನ್ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಶೇ. 78 ಮಂದಿ ಯುರೋಪ್ ಮೂಲದವರೆಂದು 2019ರಲ್ಲಿ ಲೆಕ್ಕ ಸಿಕ್ಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್, ಅಂದರೆ ದೇಹದ ಪೂರ್ತಿ ಜೀನ್ ಬರಹ, ಓದಿದೆ; ನಮ್ಮ ದೇಶದ ಸಮುದಾಯಗಳ ಸಂಖ್ಯೆಗೆ ಅದು ಆರಂಭವಷ್ಟೇ.

ಎರಡನೆಯ ಪ್ರಶ್ನೆಗೆ ಸಿಹಿ ಮಾತು ಬೇಡ: ಸದ್ಯಕ್ಕೆ ಏನೂ ಸಿಗದಿರಬಹುದು. ನಮ್ಮ ಜಿಲ್ಲೆಯೇ ಇದನ್ನು ಕಂಡಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ ಕಾಯಿಲೆಗೆ ಗದ್ದೆಯ ಏಡಿ ಮತ್ತು ಕೀಟನಾಶಕ ಕಾರಣವೆಂದು ಮೊದಲು ಶಂಕಿಸಿದ್ದರು. ಅದು ವಂಶದಲ್ಲಿ ಹರಿಯುವ ಕಾಯಿಲೆಯೆಂದು ಅನಂತರದ ಅಧ್ಯಯನಗಳು ತೋರಿಸಿದವು. ಗುಣಪಡಿಸುವ ಔಷಧ ಮಾತ್ರ ಬರಲಿಲ್ಲ, ಆದರೆ ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡಿತು. ಆದ್ದರಿಂದ ಫಲಿತಾಂಶವನ್ನು ಕೇರಿಗೆ ಬಂದು ಯಾರು, ಯಾವಾಗ ವಿವರಿಸುತ್ತಾರೆ, ಪ್ರಕಟಿಸುವಾಗ ಊರು ಮತ್ತು ಜಾತಿಯ ಹೆಸರು ಬರೆಯುತ್ತಾರೆಯೇ ಎಂಬುದನ್ನು ರಕ್ತ ಕೊಡುವ ಮುನ್ನವೇ ಕೇಳಿಸಿ. ನನ್ನ ಮಟ್ಟಿಗೆ, ಇದಕ್ಕೆ ಉತ್ತರವಿಲ್ಲದ ತಂಡ ಸಮುದಾಯವನ್ನು ಒಳಗೊಂಡಂತಲ್ಲ, ಬರೀ ಮಾದರಿ ಒಯ್ದಂತೆ.

ಪ್ರಶ್ನೆ: ಒಪ್ಪಿಗೆ ಪತ್ರದಲ್ಲಿ ‘ಮುಂದಿನ ಸಂಶೋಧನೆಗೂ ಬಳಸಬಹುದು’ ಎಂಬ ಸಾಲಿದೆ. ಸಹಿ ಹಾಕಿದ ಮೇಲೆ ಬೇಡವೆನ್ನಬಹುದೇ?

ಉತ್ತರ: ಖಂಡಿತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಪಾಲ್ಗೊಂಡವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅವರ ಚಿಕಿತ್ಸೆಗೆ ತೊಡಕಾಗಕೂಡದು. ಆದರೆ ಒಬ್ಬರ ಮಾಹಿತಿ ಹೆಸರು ಕಳಚಿ ಇತರರ ದತ್ತಾಂಶದೊಂದಿಗೆ ಬೆರೆತ ಮೇಲೆ ಅದನ್ನು ಹೆಕ್ಕಿ ತೆಗೆಯುವುದು ಕಷ್ಟ. ಆ ಸಾಲಿಗೆ ಪ್ರತ್ಯೇಕವಾಗಿ ಹೌದು ಅಥವಾ ಇಲ್ಲ ಎಂದು ಗುರುತಿಸಲು ಜಾಗ ಕೇಳಿ. ಓದು ಬಾರದವರಿಗೆ ಪತ್ರವನ್ನು ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಕನ್ನಡದಲ್ಲೇ ಪೂರ್ತಿ ಓದಿ ಹೇಳಬೇಕು. ನೇರಳೆ ಮುಚ್ಚಳದ ಕೊಳವೆಗೆ ರಕ್ತ ತುಂಬುವುದು ಆಮೇಲಿನ ಕೆಲಸ. ಪತ್ರದ ಒಂದು ಪ್ರತಿ, ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ನೈತಿಕ ಸಮಿತಿಯ ದೂರವಾಣಿ ಸಂಖ್ಯೆಯ ಸಹಿತ, ಪ್ರತಿ ಮನೆಯಲ್ಲೂ ಉಳಿಯಲಿ.