ಮೂರು ಜನ ಬಿಟ್ಟೋದ ಮೇಲೆ ಬ್ಯಾಂಡ್ ಹೆಸರು ಹಂಗೇ ಇಟ್ಕೋಬೋದಾ? (ಬಾರ್-ಕೇಸ್ ಬ್ಯಾಂಡ್ ಗೊತ್ತಿರೋರು ಹೇಳಿ)

ಹೊರಪೇಟೆ ಹುಡುಗ:
ನಮಸ್ಕಾರ ಎಲ್ರಿಗೂ. ತುಮಕೂರಲ್ಲಿ ನಮ್ದೊಂದು ಆರ್ಕೆಸ್ಟ್ರಾ ಇದೆ, ಮದ್ವೆ ರಿಸೆಪ್ಷನ್ನು, ಗಣೇಶನ ಟೈಮಲ್ಲಿ ರಸಮಂಜರಿ, ಅಷ್ಟೇ. ಈ ವರ್ಷ ಕೀಬೋರ್ಡು, ರಿದಂ ಪ್ಯಾಡು, ಗಿಟಾರು ಮೂರೂ ಜನ ಕೆಲ್ಸ ಸಿಕ್ತು ಅಂತ ಬೆಂಗ್ಳೂರಿಗೆ ಹೋದ್ರು, ಉಳಿದಿದ್ದು ಬೇಸ್ ಗಿಟಾರ್ ಬಾರ್ಸೋ ನಾನು, ಟ್ರಂಪೆಟ್ ಅಣ್ಣ ಇಬ್ರೇ. ಹಳೇ ಹೆಸ್ರು ಇರ್ಲಾ ಬೇಡ್ವಾ ಅಂತ ಟೀ ಅಂಗಡೀಲಿ ಜಗಳ ಆಡ್ತಿದ್ರೆ ಅಣ್ಣ ಏನೂ ಮಾತಾಡ್ದೆ ಮೊಬೈಲಲ್ಲಿ ಬಾರ್-ಕೇಸ್ ಅನ್ನೋ ಬ್ಯಾಂಡಿಂದು 'ಸೋಲ್ ಫಿಂಗರ್' ಹಾಕಿದ್ರು. ಶುರುವಾಗೋದೇ 'ಮೇರಿ ಹ್ಯಾಡ್ ಎ ಲಿಟಲ್ ಲ್ಯಾಂಬ್' ಟ್ಯೂನಲ್ಲಿ, ನಗು ಬಂತು, ಆಮೇಲೆ ಟ್ರಂಪೆಟ್ಟು ಸ್ಯಾಕ್ಸು ಒಟ್ಟಿಗೆ ಬಂದಾಗ ಥೇಟ್ ನಮ್ಮ ಬ್ಯಾಂಡ್‌ಸೆಟ್‌ನೋರು ಮೆರವಣಿಗೆ ಟರ್ನಿಂಗಲ್ಲಿ ಜೋಶ್‌ಗೆ ಬಂದಂಗಿತ್ತು. ಯಾರಿವರು? ಸೋಲ್ ಅಂದ್ರೆ ಸೋತೋರ ಮ್ಯೂಸಿಕ್ಕಾ?

ಹಳೇ ಕ್ಯಾಸೆಟ್:
ಅಣ್ಣ ಬೇಕಂತ್ಲೇ ಹಾಕಿದಾರೆ ಗುರು. ಸೋಲ್ ಅಂದ್ರೆ ಸೋಲಲ್ಲ, ಇಂಗ್ಲಿಷಲ್ಲಿ 'ಆತ್ಮ', ಅಮೆರಿಕದ ಕಪ್ಪು ಜನರ ಮ್ಯೂಸಿಕ್ಕು. ಅಲ್ಲಿನ ಮೆಂಫಿಸ್ ಊರಿನ ಹುಡುಗ್ರು ಅವರು, ಸ್ಟ್ಯಾಕ್ಸ್ ಅನ್ನೋ ರೆಕಾರ್ಡ್ ಕಂಪನಿ ಸ್ಟುಡಿಯೋಲಿ ಬೆಳೆದೋರು. ಆ ಸ್ಟುಡಿಯೋ ಒಂದು ಹಳೇ ಟಾಕೀಸು, ಸೀಟ್ ಕಿತ್ತಾಕಿದ್ರೂ ನೆಲ ಮಾತ್ರ ಇಳಿಜಾರೇ. 'ಸೋಲ್ ಫಿಂಗರ್' 1967ರದ್ದು, ಅದ್ರಲ್ಲಿ ಕಿರುಚೋ ಮಕ್ಕಳು ಅದೇ ಬೀದಿಯೋರು, ಕೋಕ ಕೋಲಾ ಕೊಡ್ಸಿ ಕರ್ಕೊಂಡ್ ಬಂದಿದ್ರು. ಅದೇ ವರ್ಷ ದೊಡ್ಡ ಸೋಲ್ ಸಿಂಗರ್ ಓಟಿಸ್ ರೆಡ್ಡಿಂಗ್ ಇವ್ರನ್ನ ತನ್ನ ಜೊತೆ ಬಾರ್ಸೋಕೆ ತಗೊಂಡ. ಡಿಸೆಂಬರ್ 10ಕ್ಕೆ ಅವನ ಸಣ್ಣ ವಿಮಾನ ವಿಸ್ಕಾನ್ಸಿನ್‌ನ ಮೊನೋನಾ ಕೆರೆಗೆ ಬಿತ್ತು. ಓಟಿಸ್ ಹೋದ, ಬ್ಯಾಂಡಿನೋರಲ್ಲೂ ನಾಲ್ಕು ಹುಡುಗ್ರು ಹೋದ್ರು, ಇಪ್ಪತ್ತೂ ತುಂಬಿರ್ಲಿಲ್ಲ. ಟ್ರಂಪೆಟ್ ಬೆನ್ ಕಾಲೆಗೆ ಈಜೋಕೆ ಬರ್ತಿರ್ಲಿಲ್ಲ, ಸೀಟಿನ ಕುಶನ್ ತಬ್ಕೊಂಡು ಆ ತಣ್ಣೀರಲ್ಲಿ ತೇಲ್ತಾ ಉಳ್ಕೊಂಡ. ಬೇಸ್ ಜೇಮ್ಸ್ ಅಲೆಕ್ಸಾಂಡರ್ ಜಾಗ ಇಲ್ದೆ ಬೇರೆ ಫ್ಲೈಟಲ್ಲಿ ಹೋಗಿದ್ದ. ಉಳಿದಿದ್ದು ಬೇಸು ಟ್ರಂಪೆಟ್ಟು, ಈಗ ಅರ್ಥ ಆಯ್ತಾ?

ಕ್ಯಾತ್ಸಂದ್ರ ಲೋಕಲ್:
ಕಥೆ ಕೇಳಿ ಹೊಟ್ಟೆ ಚುರ್ ಅಂತು, ಆದ್ರೂ ನಾನ್ ಒಪ್ಪಲ್ಲ. ಆ ಸೌಂಡ್ ಮಾಡಿದ್ದೇ ಆ ಹುಡುಗ್ರು. ಆಮೇಲೆ ಬಂದಿದ್ದು ಬರೀ ಬೋರ್ಡು. ಓನರ್ ಬದಲಾದ ಹೋಟ್ಲಲ್ಲಿ ದೋಸೆ ಅದೇ ಇರುತ್ತಾ?

ಬೇಸ್ ಮಾವ:
ದೋಸೆ ಬದಲಾಯ್ತು ನಿಜ, ಹೋಟ್ಲು ಮುಚ್ಲಿಲ್ವಲ್ಲ ಸ್ವಾಮಿ. ಉಳಿದ ಇಬ್ರೂ ಸೇರ್ಕೊಂಡು ಹೊಸಬ್ರನ್ನ ಹಾಕ್ಕೊಂಡು ಕಟ್ಟಿದ್ರು. ಸ್ಟ್ಯಾಕ್ಸ್ ಸಿಂಗರ್ ಐಸಾಕ್ ಹೇಯ್ಸ್‌ನ 1969ರ ಆಲ್ಬಮ್ 'ಹಾಟ್ ಬಟರ್ಡ್ ಸೋಲ್' ಕೇಳಿ, ನಾಲ್ಕೇ ಹಾಡು, ಹಿಂದೆ ಬಾರ್ಸಿರೋದು ಬಾರ್-ಕೇಸ್. 'ವಾಕ್ ಆನ್ ಬೈ' ಹನ್ನೆರಡು ನಿಮಿಷ, ಬೇಸ್ ಎಲ್ಲೂ ಅವಸರ ಮಾಡಲ್ಲ, ಒಂದು ಸ್ವರ ಹೊಡ್ದು ಸುಮ್ನೆ ಕಾಯುತ್ತೆ, ನಾವು ರಿಸೆಪ್ಷನಲ್ಲಿ ಖಾಲಿ ಜಾಗ ಕಂಡ್ರೆ ಸಾಕು ತುಂಬಿಸ್ತೀವಲ್ಲ ಹಂಗಲ್ಲ. ಕೆಲ ವರ್ಷಕ್ಕೆ ಕಾಲೆನೂ ಬಿಟ್ಟ, 1975ರ ಕೊನೇಲಿ ಸ್ಟ್ಯಾಕ್ಸ್ ಕಂಪನಿನೇ ದಿವಾಳಿ. ಆದ್ರೂ 1976ಕ್ಕೆ ಮರ್ಕ್ಯುರಿ ಕಂಪನಿಗೆ ಹೋಗಿ 'ಶೇಕ್ ಯುವರ್ ರಂಪ್ ಟು ದ ಫಂಕ್' ಹಿಟ್ ಮಾಡಿದ್ರು. ಮೊದ್ಲು ಹಾಡಿಲ್ದೆ ಬರೀ ವಾದ್ಯ ನುಡಿಸೋ ಬ್ಯಾಂಡು, ಇಷ್ಟೊತ್ತಿಗೆ ಪೂರ್ತಿ ಫಂಕ್, ಅಂದ್ರೆ ಕುಣಿಸೋ ರಿದಂ ಮ್ಯೂಸಿಕ್ಕು, ಜೊತೆಗೆ ಸಿಂಗರೂ ಬಂದಿದ್ದ. 'ಸೋಲ್ ಫಿಂಗರ್' ಮತ್ತೆ ಈ ಹಾಡು ಪಕ್ಕಪಕ್ಕ ಇಟ್ರೆ ಒಂದೇ ಬ್ಯಾಂಡ್ ಅನ್ಸಲ್ಲ, ಅಷ್ಟರ ಮಟ್ಟಿಗೆ ಕ್ಯಾತ್ಸಂದ್ರದೋರು ಸರಿ. ಆದ್ರೆ ಅಲೆಕ್ಸಾಂಡರ್ ತನ್ನ ಮಗನಿಗೆ ಫೇಲನ್ ಅಂತ ಹೆಸ್ರಿಟ್ಟ, ಕೆರೇಲಿ ಹೋದ ಸ್ಯಾಕ್ಸ್ ಹುಡುಗನ ಹೆಸ್ರದು. ಬರೀ ಬೋರ್ಡ್ ಇಟ್ಕೊಂಡೋನು ಹಂಗ್ ಮಾಡ್ತಾನಾ?

ಕ್ಯಾತ್ಸಂದ್ರ ಲೋಕಲ್:
ಆ ಮಗನ ವಿಷ್ಯ ಗೊತ್ತಿರ್ಲಿಲ್ಲ ಮಾವ. ಸರಿ, ಕೇಳ್ತೀನಿ.

ಹೊರಪೇಟೆ ಹುಡುಗ:
ಬೆಳಿಗ್ಗೆ ಬೆಂಗ್ಳೂರು ಟ್ರೇನಲ್ಲಿ 'ವಾಕ್ ಆನ್ ಬೈ' ಎರಡು ಸಲ ಕೇಳ್ದೆ, ಮಾವ ಹೇಳಿದ್ದು ಕರೆಕ್ಟು, ನಾನು ತುಂಬಾ ಜಾಸ್ತಿ ಬಾರ್ಸ್ತೀನಿ. ನಮ್ಮೋರು ಮೂರೂ ಜನ ಚೆನ್ನಾಗವ್ರೆ ಬಿಡಿ, ಹೆಚ್ಚಂದ್ರೆ ಪೀಣ್ಯದಲ್ಲಿ ಟ್ರಾಫಿಕಲ್ಲಿ ಸಿಕ್ಕಾಕ್ಕೊಂಡಿರ್ತಾರೆ. ಹೆಸ್ರು ಹಳೇದೇ ಇಟ್ಕೊಳ್ತೀವಿ. ಬ್ಯಾನರಲ್ಲಿ ಫೋನ್ ನಂಬರ್ ಕೀಬೋರ್ಡೋನ್ದು, ಅದ್ರ ಮೇಲೆ ಸ್ಟಿಕ್ಕರ್ ಅಂಟಿಸಬೇಕು.